ಛತ್ರವೋ, ಬಿಡದಿಯೋ: ಲೂಕನ ‘ಕತಾಲುಮ’ ಮತ್ತು ಚಿತ್ರದುರ್ಗ ಸೀಮೆಯ ಮನೆಮಾತು

ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದ ಏಳನೆಯ ವಚನದಲ್ಲಿ ‘ಕತಾಲುಮ’ ಎಂಬ ಗ್ರೀಕ್ ನಾಮಪದವೊಂದು ಬರುತ್ತದೆ. ಕನ್ನಡ ಸತ್ಯವೇದದ ಬಳಕೆಯಲ್ಲಿರುವ ಪಾಠದಲ್ಲಿ ಇದಕ್ಕೆ ‘ಛತ್ರ’ ಎಂಬ ಸಂವಾದಿ ಪದವಿದೆ. ಮರಿಯಳು ಹೆತ್ತ ಮಗುವನ್ನು ಗೋದಲಿಯಲ್ಲಿ ಮಲಗಿಸಿದುದಕ್ಕೆ ಲೂಕನು ಕೊಡುವ ಒಂದೇ ಕಾರಣ ಈ ಪದದ ಸುತ್ತ ನಿಂತಿದೆ. ಹೀಗಾಗಿ ಪದದ ಅರ್ಥ ಬದಲಾದರೆ ಕಥೆಯ ಕಾರಣವೂ ಬದಲಾಗುತ್ತದೆ. ಈ ಲೇಖನದಲ್ಲಿ ನಾವು ಆ ಪದದ ಇತಿಹಾಸವನ್ನೂ ಅದಕ್ಕೆ ಕನ್ನಡದಲ್ಲಿ ಒದಗಿದ ಪದದ ಇತಿಹಾಸವನ್ನೂ ಎದುರುಬದುರು ಇಟ್ಟು ನೋಡುತ್ತೇವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲೂಕುಗಳ ಮನೆ, ಹಟ್ಟಿ, ಕೊಟ್ಟಿಗೆಗಳ ಶಬ್ದಸಂಪತ್ತು ಈ ಚರ್ಚೆಗೆ ಯಾಕೆ ಬೇಕು ಎಂಬುದು ಮುಂದೆ ತಾನಾಗಿಯೇ ಕಾಣುತ್ತದೆ.

ಮೊದಲು ಗ್ರೀಕ್ ಪದದ ರಚನೆ. ‘ಲುಓ’ ಎಂದರೆ ಬಿಚ್ಚು, ಕಟ್ಟು ಸಡಿಲಿಸು. ‘ಕತ’ ಎಂಬ ಉಪಸರ್ಗ ಸೇರಿದಾಗ ಹೇರು ಇಳಿಸಿ, ಪಶುಗಳ ಕಟ್ಟು ಬಿಚ್ಚಿ ತಂಗು ಎಂಬ ಅರ್ಥ ಬರುತ್ತದೆ. ಅಲ್ಲಿಂದ ಹುಟ್ಟಿದ ನಾಮಪದ ಕತಾಲುಮ: ಪಯಣಿಗ ಕಟ್ಟು ಬಿಚ್ಚುವ ಎಡೆ. ಆ ಎಡೆ ಎಂಥದು, ಬಾಡಿಗೆಯದೋ, ನೆಂಟರದೋ, ಬಯಲೋ ಎಂಬುದನ್ನು ಪದ ಹೇಳುವುದಿಲ್ಲ. ಹೀಬ್ರೂ ಗ್ರಂಥಗಳ ಗ್ರೀಕ್ ಅನುವಾದವಾದ ಸೆಪ್ತುವಜಿಂತದಲ್ಲಿ ಇದರ ಹರಹು ಚೆನ್ನಾಗಿ ಕಾಣುತ್ತದೆ. ವಿಮೋಚನಕಾಂಡದ 4:24ರಲ್ಲಿ ಮೋಶೆ ದಾರಿಯಲ್ಲಿ ರಾತ್ರಿ ಇಳಿದ ತಾಣಕ್ಕೆ ಇದೇ ಪದ. 1 ಸಮುವೇಲ 9:22ರಲ್ಲಿ ಸಮುವೇಲನು ಸೌಲನನ್ನು ಊಟಕ್ಕೆ ಕೂರಿಸುವ ಅಂಗಣದ ಕೋಣೆಗೂ ಇದೇ ಪದ. 2 ಸಮುವೇಲ 7:6ರಲ್ಲಿ ದೇವರು ತಾನು ಮನೆಯಿಲ್ಲದೆ ಗುಡಾರದಲ್ಲಿ ಸಂಚರಿಸಿದೆನೆನ್ನುವಾಗಲೂ ಗುಡಾರದ ಜೊತೆಗೆ ಇದೇ ಪದ ನಿಲ್ಲುತ್ತದೆ. ಇಷ್ಟು ಸಡಿಲವಾದ ಪದವನ್ನು ಒಂದು ಬಗೆಯ ಕಟ್ಟಡಕ್ಕೆ ಕಟ್ಟಿಹಾಕುವುದು ಕಷ್ಟ.

ಲೂಕನ ಸ್ವಂತ ಬಳಕೆ ಇನ್ನೂ ಮುಖ್ಯ. ಅವನಿಗೆ ಹಣ ಕೊಟ್ಟು ತಂಗುವ ಮನೆಗೆ ಬೇರೆಯೇ ಪದ ಗೊತ್ತಿತ್ತು. ಹತ್ತನೆಯ ಅಧ್ಯಾಯದ ಒಳ್ಳೆಯ ಸಮಾರ್ಯದವನ ಸಾಮತಿಯಲ್ಲಿ ಗಾಯಗೊಂಡವನನ್ನು ಒಯ್ದದ್ದು ‘ಪಂದೊಖೆಯೊನ್’ಗೆ. ಎಲ್ಲರನ್ನೂ ಸೇರಿಸಿಕೊಳ್ಳುವ ಮನೆ ಎಂದು ಅದರ ಬಿಡಿ ಅರ್ಥ. ಅಲ್ಲಿ ಅದನ್ನು ನಡೆಸುವವನಿದ್ದಾನೆ, ಅವನ ಕೈಗೆ ಎರಡು ನಾಣ್ಯ ಸಲ್ಲುತ್ತದೆ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಯೇಸು ಪಸ್ಕದ ಊಟಕ್ಕೆ ಕೇಳಿಸುವ ಕೋಣೆ ಮಾತ್ರ ಮತ್ತೆ ಕತಾಲುಮ. ಅದು ಒಬ್ಬ ಗೃಹಸ್ಥನ ಮನೆಯ ಮೇಲಿನ ಕೋಣೆ ಎಂದು ಮುಂದಿನ ವಚನವೇ ಬಿಡಿಸಿ ಹೇಳುತ್ತದೆ. ಇದರ ಕ್ರಿಯಾಪದವೂ ತಂಗು ಎಂಬ ಅರ್ಥದಲ್ಲಿ ಲೂಕನಲ್ಲಿ ಎರಡು ಸಲ ಬರುತ್ತದೆ. ಒಮ್ಮೆ ಜನರು ಸುತ್ತಣ ಹಳ್ಳಿಗಳಿಗೆ ಹೋಗಿ ತಂಗಲೆಂದು ಶಿಷ್ಯರು ಹೇಳುವಲ್ಲಿ, ಇನ್ನೊಮ್ಮೆ ಯೇಸು ಜಕ್ಕಾಯನ ಮನೆಯಲ್ಲಿ ಅತಿಥಿಯಾಗಿ ಇಳಿದುಕೊಂಡಾಗ ಜನ ಗೊಣಗುವಲ್ಲಿ. ಈ ನಾಲ್ಕು ಎಡೆಗಳಲ್ಲಿ ಯಾವುದೂ ಬಾಡಿಗೆಯ ತಂಗುದಾಣವನ್ನು ಬೇಡುವುದಿಲ್ಲ. ಬೇಡುವ ಒಂದೇ ಎಡೆಯಲ್ಲಿ ಲೂಕನು ಬೇರೆ ಪದ ಬಳಸಿದ್ದಾನೆ.

ಹೀಗಿರುವಾಗ ಪಶ್ಚಿಮದ ಅನುವಾದಗಳಿಗೆ ಆ ತಂಗುದಾಣ ಹೇಗೆ ಬಂತು? ಲ್ಯಾಟಿನ್ ವುಲ್ಗಾತದ ‘ದಿವೆರ್ಸೋರಿಯುಮ್’ ದಾರಿಯಿಂದ ಪಕ್ಕಕ್ಕೆ ತಿರುಗಿ ಇಳಿಯುವ ಜಾಗ. ಅದೂ ಸಡಿಲ ಪದವೇ. ವುಲ್ಗಾತದ ಲೂಕ 22:11ರಲ್ಲಿಯೂ ಅದೇ ಪದವಿರುವುದರಿಂದ ಲ್ಯಾಟಿನ್ ಓದುಗನಿಗೆ ಎರಡೂ ಎಡೆಗಳ ನಂಟು ಕಾಣುತ್ತಿತ್ತು. ನಂಟು ಕಡಿದದ್ದು ಹದಿನಾರನೆಯ ಶತಮಾನದಲ್ಲಿ. ಲೂಥರನ 1522ರ ಜರ್ಮನ್ ಪಾಠದಲ್ಲಿ ‘ಹೆರ್‌ಬೆರ್ಗೆ’, ಟಿಂಡೇಲನ 1526ರ ಇಂಗ್ಲಿಷ್ ಪಾಠದಲ್ಲಿ ‘ಇನ್’. 1611ರ ಇಂಗ್ಲಿಷ್ ಬೈಬಲ್ ಜನನದ ಕಥೆಯಲ್ಲಿ ‘ಇನ್’ ಉಳಿಸಿಕೊಂಡು ಊಟದ ಕಥೆಯಲ್ಲಿ ‘ಗೆಸ್ಟ್‌ಚೇಂಬರ್’ ಎಂದಿತು. ಒಂದೇ ಗ್ರೀಕ್ ಪದ ಎರಡಾಗಿ ಒಡೆಯಿತು. ಅಲ್ಲಿಂದ ಮುಂದೆ ನಾಟಕಗಳೂ ಹಾಡುಗಳೂ ಬಾಗಿಲು ಮುಚ್ಚುವ ಒಬ್ಬ ಕಟುಕ ಯಜಮಾನನನ್ನು ಸೃಷ್ಟಿಸಿಕೊಂಡವು. ಮೂಲದಲ್ಲಿ ಅವನಿಲ್ಲ.

ಈ ಒಡಕನ್ನು ಬೆಸೆಯುವ ವಾದಗಳಲ್ಲಿ ಎರಡನ್ನು ನಾವು ಮುಖ್ಯವೆಂದು ಗಣಿಸುತ್ತೇವೆ. ಪಶ್ಚಿಮ ಏಷ್ಯದಲ್ಲಿ ಬಹುಕಾಲ ಕಲಿಸಿದ ಕೆನೆತ್ ಬೈಲಿ, ಪ್ಯಾಲೆಸ್ತೀನಿನ ರೈತರ ಮನೆಯ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು, ಗೋದಲಿ ಇದ್ದದ್ದು ಮನೆಯೊಳಗೇ ಎಂದು ತೋರಿಸಿದರು. ಒಂದೇ ದೊಡ್ಡ ಕೋಣೆ. ಬಾಗಿಲ ಬಳಿಯ ತಗ್ಗಿನಲ್ಲಿ ರಾತ್ರಿ ದನ, ಕತ್ತೆ. ನಾಲ್ಕಾರು ಮೆಟ್ಟಿಲು ಎತ್ತರದಲ್ಲಿ ಮನೆಮಂದಿ. ಎರಡರ ನಡುವಣ ಅಂಚಿನಲ್ಲಿ ಮೇವಿನ ತೊಟ್ಟಿ. ಅತಿಥಿಗೆ ಬೇರೆ ಕೋಣೆ ಇದ್ದರೆ ಅದೇ ಕತಾಲುಮ. ಅದು ತುಂಬಿದ್ದರಿಂದ ಬಾಣಂತಿಗೆ ಮನೆಯ ನಡುವೆಯೇ ಎಡೆ ಮಾಡಿಕೊಟ್ಟರು. 2010ರಲ್ಲಿ ಸ್ಟೀಫನ್ ಕಾರ್ಲ್‌ಸನ್ ಈ ವಾದವನ್ನು ತಿದ್ದಿದರು. ಕತಾಲುಮ ಎಂದರೆ ಅತಿಥಿಯ ಕೋಣೆಯೆಂದೂ ಗಂಟುಹಾಕಬೇಕಿಲ್ಲ, ‘ಇಳಿದುಕೊಂಡ ಜಾಗ’ ಎಂದರೆ ಸಾಕು. ಅವರು ಇಳಿದಿದ್ದ ಜಾಗದಲ್ಲಿ ಹೆರಿಗೆಗೆ ಸಾಕಷ್ಟು ಅವಕಾಶವಿರಲಿಲ್ಲ, ಅಷ್ಟೆ. ನಾವು ಕಾರ್ಲ್‌ಸನ್ನರ ಕಡೆಗೆ ಹೆಚ್ಚು ವಾಲುತ್ತೇವೆ. ಪದದ ಸಡಿಲತನವನ್ನು ಅವರು ಉಳಿಸಿಕೊಂಡಿದ್ದಾರೆ.

ಮನೆಯೊಳಗೆ ದನ ಎಂಬ ಮಾತು ಮಧ್ಯ ಯುರೋಪಿನ ನಗರವಾಸಿ ವಿದ್ವಾಂಸನಿಗೆ ಸಾಬೀತು ಬೇಡುತ್ತದೆ. ಏಂದೋರಿನ ಹೆಂಗಸಿನ ಮನೆಯಲ್ಲೇ ಕೊಬ್ಬಿದ ಕರುವಿತ್ತು ಎಂಬ 1 ಸಮುವೇಲ 28:24ನ್ನು ಅವನಿಗೆ ಎತ್ತಿ ತೋರಿಸಬೇಕು. ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಅದರ ಅಗತ್ಯವಿಲ್ಲ. ತಲೆಬಾಗಿಲು ದಾಟಿದೊಡನೆ ತಗ್ಗಿನ ಅಂಕಣದಲ್ಲಿ ಎತ್ತು, ಎಮ್ಮೆ. ಗೋಡೆಗೆ ಒರಗಿ ಗೋದಲಿ. ಒಂದೆರಡು ಮೆಟ್ಟಿಲು ಏರಿದರೆ ನಡುಮನೆ, ಅಲ್ಲೇ ಒಲೆ, ಅಲ್ಲೇ ಹಾಸಿಗೆ. ಮಾಳಿಗೆಯ ಮೇಲೆ ಕರ್ಲು ಮಣ್ಣು. ರಾತ್ರಿ ಎಮ್ಮೆ ಉಸಿರು ಬಿಟ್ಟರೆ ನಡುಮನೆಗೆ ಕೇಳುತ್ತದೆ. ನಾವು ಒಮ್ಮೆ ಹೊಸದುರ್ಗ ತಾಲೂಕಿನ ಅಂಥ ಮನೆಯೊಂದರಲ್ಲಿ ಕೂತು, ಕ್ರೈಸ್ತರಲ್ಲದ ಒಬ್ಬ ಹಿರಿಯಾಕೆಗೆ ಈ ಕಥೆ ಹೇಳಿ, ಮಗುವನ್ನು ಗೋದಲಿಯಲ್ಲಿ ಯಾಕೆ ಮಲಗಿಸಿದರೆಂದು ಕೇಳಿದೆವು. “ಮತ್ತೆಲ್ಲಿ ಮಲಗಿಸ್ತಾರಪ್ಪ? ಬೆಚ್ಚಗಿರೋ ಜಾಗ ಅದೇ ಅಲ್ವಾ?” ಎಂದರು. ಅವರಿಗೆ ಕಥೆಯಲ್ಲಿ ಬಡತನ ಕಂಡಿತು, ಅವಮಾನ ಕಾಣಲಿಲ್ಲ. ಒಬ್ಬರ ಮಾತಿನಿಂದ ಏನನ್ನೂ ಸಾಧಿಸಲಾಗದು ಎಂಬುದು ನಮಗೆ ಗೊತ್ತು. ಆದರೆ ಛತ್ರ ಎಂಬ ಪದವನ್ನು ನಾವು ಬೇಕೆಂದೇ ಬಿಟ್ಟು ಕಥೆ ಹೇಳಿದ್ದೆವು ಎಂಬುದನ್ನು ಇಲ್ಲಿ ಸೇರಿಸಬೇಕು.

‘ಹಟ್ಟಿ’ ಎಂಬ ಪದವೂ ಇದನ್ನೇ ನುಡಿಯುತ್ತದೆ. ತಮಿಳಿನ ‘ಪಟ್ಟಿ’ ದನಕುರಿಗಳ ದೊಡ್ಡಿ. ಕನ್ನಡದಲ್ಲಿ ಪಕಾರ ಹಕಾರವಾಗಿ ಬಂದ ‘ಹಟ್ಟಿ’ ಕರಾವಳಿಯಲ್ಲಿಯೂ ಕಾಸರಗೋಡಿನಲ್ಲಿಯೂ ಇಂದಿಗೂ ದನದ ಕೊಟ್ಟಿಗೆಯೇ. ಚಿತ್ರದುರ್ಗ ಸೀಮೆಯಲ್ಲಿ ಅದು ಜನವಸತಿ: ಗೊಲ್ಲರಹಟ್ಟಿ, ನಾಯಕರ ಹಟ್ಟಿ. ಮಂಗಳೂರಿನ ಕನ್ನಡಿಗನಿಗೆ ಹಟ್ಟಿಯಲ್ಲಿ ಹುಟ್ಟಿದ ಮಗುವೆಂದರೆ ಕೊಟ್ಟಿಗೆಯಲ್ಲಿ ಹುಟ್ಟಿದ್ದು, ಹಿರಿಯೂರಿನವನಿಗೆ ಸ್ವಂತ ಕೇರಿಯಲ್ಲಿ ಹುಟ್ಟಿದ್ದು. ದನದ ನೆಲೆಗೂ ಜನದ ನೆಲೆಗೂ ಒಂದೇ ಮಾತು ಸಾಕಾಗಿದ್ದ ಬದುಕಿನ ಗುರುತು ಈ ಪದದಲ್ಲಿ ಉಳಿದಿದೆ. ‘ಗೋದಲಿ’ಯ ಕಥೆಯೂ ಇಂಥದೇ. ಒಕ್ಕಲ ಮನೆಯಲ್ಲಿ ಅದು ಮೇವಿನ ತೊಟ್ಟಿ. ಚರ್ಚಿನ ಆವರಣದಲ್ಲಿ ಡಿಸೆಂಬರಿನಲ್ಲಿ ಕಟ್ಟುವ ಇಡೀ ಪ್ರತಿಮಾದೃಶ್ಯಕ್ಕೆ ಈಗ ಅದೇ ಹೆಸರು, ಅದಕ್ಕೆ ಸ್ಪರ್ಧೆಗಳೂ ನಡೆಯುತ್ತವೆ. ಭಾಗದ ಹೆಸರು ಸಮಗ್ರಕ್ಕೆ ಹರಡಿದೆ. ಗ್ರೀಕಿನ ‘ಫಾತ್ನೆ’ಯೂ ತೊಟ್ಟಿಯಿಂದ ಕೊಟ್ಟಿಗೆಗೆ ಹೀಗೆಯೇ ಹರಡಿತ್ತು. ಲೂಕ 13:15ರಲ್ಲಿ ಸಬ್ಬತ್ ದಿನ ಎತ್ತನ್ನೂ ಕತ್ತೆಯನ್ನೂ ಫಾತ್ನೆಯಿಂದ ಬಿಚ್ಚಿ ನೀರಿಗೆ ಒಯ್ಯುವ ಮಾತಿದೆ. ಅಲ್ಲಿ ‘ಬಿಚ್ಚು’ವುದಕ್ಕೆ ಇರುವುದು ಅದೇ ‘ಲುಓ’.

ಈಗ ಛತ್ರಕ್ಕೆ ಬರೋಣ. ಸಂಸ್ಕೃತದ ‘ಸತ್ರ’ ಮೊದಲು ದೀರ್ಘ ಯಜ್ಞ, ಆಮೇಲೆ ಅನ್ನದಾನದ ಏರ್ಪಾಡು. ಶಾಸನಗಳ ಕನ್ನಡದಲ್ಲಿ ಸತ್ರವೆಂದರೆ ದತ್ತಿಯಿಂದ ನಡೆಯುವ ಅನ್ನದ ಮನೆ. ಮುಂದೆ ಸಕಾರ ಛಕಾರವಾಗಿ ಕೊಡೆಯ ‘ಛತ್ರ’ದೊಂದಿಗೆ ಬೆರೆಯಿತು. ನೆರಳು ಕೊಡುವ ಕಟ್ಟಡಕ್ಕೆ ಕೊಡೆಯ ಹೆಸರು ಒಪ್ಪುತ್ತದೆಂದು ಜನ ಅದನ್ನು ಪ್ರಶ್ನಿಸಲಿಲ್ಲ. ಹೀಗೆ ರೂಪುಗೊಂಡ ಛತ್ರದಲ್ಲಿ ಬಾಡಿಗೆಯಿಲ್ಲ, ಮಾಲೀಕನಿಲ್ಲ. ದಾನಿಯ ಹೆಸರಿನಲ್ಲಿ ನೋಡಿಕೊಳ್ಳುವ ಪಾರುಪತ್ತೇದಾರನಿದ್ದಾನೆ. ಇದರಿಂದಾಗಿ ಇಂಗ್ಲಿಷಿನ ‘ಇನ್’ ಕನ್ನಡದಲ್ಲಿ ಛತ್ರವಾದಾಗ ಹಣ ಎಣಿಸುವ ಯಜಮಾನ ಕಥೆಯಿಂದ ತಾನಾಗಿಯೇ ಜಾರಿಹೋದ. ಅಷ್ಟರ ಮಟ್ಟಿಗೆ ಕನ್ನಡ ಪಾಠ ಇಂಗ್ಲಿಷಿಗಿಂತ ಗ್ರೀಕಿಗೆ ಹತ್ತಿರ. ಅವನ ಜಾಗಕ್ಕೆ ಮಾತ್ರ ಬೇರೊಂದು ಬಂತು. ಹಳೆಯ ಛತ್ರಗಳಲ್ಲಿ ಯಾರು ಒಳಗೆ, ಯಾರು ಹೊರಜಗಲಿಯಲ್ಲಿ, ಯಾರು ಅಲ್ಲಿಯೂ ಇಲ್ಲ ಎಂಬುದನ್ನು ಬಹುಮಟ್ಟಿಗೆ ಜಾತಿ ನಿರ್ಧರಿಸುತ್ತಿತ್ತು. ಆ ನೆನಪಿರುವ ಕೇಳುಗನಿಗೆ ಛತ್ರದಲ್ಲಿ ಸ್ಥಳವಿಲ್ಲವೆಂದರೆ ಕೋಣೆ ತುಂಬಿತ್ತು ಎಂದಷ್ಟೇ ಕೇಳಿಸುವುದಿಲ್ಲ.

ಇಲ್ಲಿ ವಾಕ್ಯರಚನೆಯೂ ಕೈಜೋಡಿಸುತ್ತದೆ. ಗ್ರೀಕ್ ಪಾಠದಲ್ಲಿ ‘ಅವರಿಗೆ’ ಎಂಬ ಚತುರ್ಥಿ, ‘ತೋಪೊಸ್’ ಎಂಬ ಸ್ಥಳವಾಚಕ, ನಿಷೇಧದ ಇರು-ಕ್ರಿಯೆ. ಕನ್ನಡ ಇದನ್ನು ಹಾಗೆಯೇ ಇಳಿಸಿಕೊಳ್ಳಬಲ್ಲದು, ಇಳಿಸಿಕೊಂಡಿದೆ ಕೂಡ. ಆದರೆ ಕನ್ನಡದಲ್ಲಿ ಚತುರ್ಥಿಯೊಂದಿಗೆ ‘ಸ್ಥಳವಿಲ್ಲ’ ಬಂದರೆ ನಿರಾಕರಣೆಯ ಧ್ವನಿ ಏಳುತ್ತದೆ. ‘ನಿಮಗೆ ಇಲ್ಲಿ ಜಾಗ ಇಲ್ಲ’ ಎಂದವನು ಚದರಡಿ ಲೆಕ್ಕ ಹೇಳುತ್ತಿಲ್ಲ, ಹೊರಗೆ ಕಳುಹಿಸುತ್ತಿದ್ದಾನೆ. ಅಳತೆಯ ಕೊರತೆ ಹೇಳಬೇಕಾದರೆ ಕನ್ನಡಕ್ಕೆ ‘ಸಾಲದು’ ಇದೆ, ‘ಎಡೆ ಸಾಲದೆ’ ಎಂಬ ಚೊಕ್ಕ ರೂಪವಿದೆ. ಗ್ರೀಕಿನಲ್ಲಿ ಎರಡೂ ಅರ್ಥಗಳಿಗೆ ತೆರೆದಿದ್ದ ರಚನೆ ಕನ್ನಡದಲ್ಲಿ ಒಂದರ ಕಡೆ ಬಾಗಿತು. ಪದಕ್ಕೆ ಪದ ಹೊಂದಿಸಿದ ಅನುವಾದ ಧ್ವನಿಯಲ್ಲಿ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಇದು ತರಗತಿಯಲ್ಲಿ ಕೊಡಬಹುದಾದ ಉದಾಹರಣೆ. ಇದಕ್ಕೆ ವಿರುದ್ಧವಾದ ಒಂದು ಸುಂದರ ಹೊಂದಿಕೆಯೂ ಪಕ್ಕದ ವಚನದಲ್ಲಿದೆ. ಅವರು ಅಲ್ಲಿದ್ದಾಗ ಹೆರಿಗೆಯ ದಿನಗಳು ‘ತುಂಬಿದವು’ ಎಂಬುದು ಗ್ರೀಕಿಗೆ ಹೀಬ್ರೂವಿನಿಂದ ಬಂದ ನುಡಿಗಟ್ಟು. ಕನ್ನಡದ ‘ದಿನ ತುಂಬಿದ ಬಸುರಿ’ ಯಾರ ಸಾಲವೂ ಅಲ್ಲ. ‘ಅಲ್ಲಿದ್ದಾಗ’ ಎಂಬ ಮಾತನ್ನೂ ಗಮನಿಸಬೇಕು: ಬಂದ ರಾತ್ರಿಯೇ ನೋವು ತಿಂದು ಬಾಗಿಲು ಬಾಗಿಲು ತಟ್ಟಿದ ಚಿತ್ರ ಲೂಕನದಲ್ಲ.

ಕನ್ನಡಕ್ಕೆ ಈ ಪಾಠವನ್ನು ತಂದವರ ಸನ್ನಿವೇಶವನ್ನು ಬೇಗನೆ ಹೇಳಿ ಮುಗಿಸಬಹುದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರ ಜೊತೆಗೆ ವಿಲಿಯಂ ರೀವ್ ದುಡಿದರು. ಇಡೀ ಬೈಬಲ್ ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ. ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಕೊಟ್ಟರು. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ 1858ರಲ್ಲಿ ಬೆಂಗಳೂರಿನಲ್ಲಿ ಪರಿಷ್ಕರಿಸಿದರು. ಶತಮಾನದ ನಡುವೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಬೈಬಲ್ ಪಾಠವನ್ನು ತಿದ್ದಿದರು. 1894ರಲ್ಲಿ ಮಂಗಳೂರಿನಿಂದ ಕಿಟ್ಟೆಲರ ನಿಘಂಟು ಬಂತು. ಅನುವಾದಕರೂ ನಿಘಂಟುಕಾರರೂ ಒಂದೇ ಗುಂಪಿನ ಜನ, ಕೆಲವೊಮ್ಮೆ ಅದೇ ವ್ಯಕ್ತಿ. ಗ್ರೀಕ್ ಬಲ್ಲವರಾದರೂ ಎಳವೆಯಿಂದ ಅವರ ಕಿವಿಯಲ್ಲಿದ್ದದ್ದು ‘ಇನ್’ ಅಥವಾ ‘ಹೆರ್‌ಬೆರ್ಗೆ’. ದಾರಿಬದಿಯಲ್ಲಿ ಕಣ್ಣಿಗೆ ಬಿದ್ದ ಛತ್ರ ಆ ಪದಕ್ಕೆ ಸರಿಹೊಂದಿತು ಎಂಬುದು ನಮ್ಮ ಊಹೆ. ಬಳ್ಳಾರಿಯ ದಕ್ಷಿಣಕ್ಕೆ ಹೊಂದಿಕೊಂಡಿದ್ದ ಚಿತ್ರದುರ್ಗ ಸೀಮೆ ಆಗ ಬೇರೆ ಆಳ್ವಿಕೆಯದು, ಮೈಸೂರಿನದು. ಮಾತು ಮಾತ್ರ ಗಡಿಯನ್ನು ಲೆಕ್ಕಿಸಿರಲಿಲ್ಲ.

ಅವರ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇನ್ನೊಂದು ಪದವಿತ್ತು. ಕನ್ನಡದ ‘ಬಿಡು’ ಗ್ರೀಕಿನ ‘ಲುಓ’ದ ಹಾಗೆಯೇ ಕಟ್ಟು ಸಡಿಲಿಸುವ ಧಾತು. ಬಂಡಿ ಬಿಡುತ್ತೇವೆ, ಎತ್ತು ಬಿಡುತ್ತೇವೆ. ಅದರಿಂದ ‘ಬೀಡು’, ದಂಡು ಇಳಿಯುವ ನೆಲೆ. ಅದರಿಂದಲೇ ‘ಬಿಡದಿ’, ತೆಲುಗಿನಲ್ಲಿ ‘ವಿಡಿದಿ’, ತಮಿಳಿನಲ್ಲಿ ‘ವಿಡುದಿ’. ‘ಬಿಡಾರ’ವನ್ನೂ ಕನ್ನಡಿಗರ ಭಾಷಾಪ್ರಜ್ಞೆ ಇದೇ ಗುಂಪಿನಲ್ಲಿ ಇಡುತ್ತದೆ. ಬಿಚ್ಚುವ ಕ್ರಿಯೆಯಿಂದ ತಂಗುವ ತಾಣ ಹುಟ್ಟುವ ಇದೇ ಹಾದಿಯನ್ನು ಗ್ರೀಕೂ ದ್ರಾವಿಡವೂ ಒಂದನ್ನೊಂದು ಕೇಳದೆ ತುಳಿದಿವೆ. ಪಶು ಕಟ್ಟಿಕೊಂಡು ಪಯಣ ಮಾಡಿದ ಜನರ ಭಾಷೆಗಳಲ್ಲಿ ಇದು ಅಚ್ಚರಿಯಲ್ಲ. ಅಚ್ಚರಿಯೆಂದರೆ ಅರ್ಥದ ಹೊಂದಿಕೆ. ಬಿಡದಿ ಎಂದರೆ ಮದುವೆಗೆ ಬಂದ ಗಂಡಿನ ಕಡೆಯವರಿಗೆ ಹೆಣ್ಣಿನ ಊರಲ್ಲಿ ಗೊತ್ತುಮಾಡುವ ಮನೆ. ಅದು ಬಾಡಿಗೆಯ ಮನೆಯಲ್ಲ, ಅನ್ಯರ ದಾನವೂ ಅಲ್ಲ. ಊರಿನ ಯಾರದೋ ಮನೆಯ ಒಂದು ಭಾಗ, ನಾಲ್ಕು ದಿನದ ಮಟ್ಟಿಗೆ ನೆಂಟರದು. ಬಿಡದಿಯಲ್ಲಿ ಜನ ಕಿಕ್ಕಿರಿದರೆ ಯಾರೂ ಅದನ್ನು ಅವಮಾನವೆನ್ನುವುದಿಲ್ಲ, ಪಕ್ಕದ ಮನೆಯ ಜಗಲಿಗೆ ಚಾಪೆ ಹೋಗುತ್ತದೆ. ಪೂರ್ವಿಕರ ಊರಿಗೆ ಖಾನೇಷುಮಾರಿಗೆಂದು ಬಂದ ದಂಪತಿಗಳು ಇಳಿದುಕೊಂಡ ಎಡೆಗೆ ಇದಕ್ಕಿಂತ ಹತ್ತಿರದ ಕನ್ನಡ ಪದ ನಮಗೆ ಹೊಳೆಯುತ್ತಿಲ್ಲ. ಬಿಡದಿಗೆ ಮದುವೆಯ ಬಣ್ಣ ತುಸು ಹೆಚ್ಚಾಯಿತೆನ್ನುವವರು ಬಿಡಾರ ಎನ್ನಲಿ. ಲೂಕ 22:11ಕ್ಕೂ ಅದು ಸಲ್ಲುತ್ತದೆ, ಒಡೆದ ಪದ ಮತ್ತೆ ಒಂದಾಗುತ್ತದೆ.

ಹೇಳಬೇಕಾದ ಇನ್ನೊಂದು ವಿಷಯವಿದೆ, ಅದನ್ನು ಹೇಳುವುದು ಸುಲಭವಲ್ಲ. ಹಿರಿಯೂರಿನ ಕಡೆಯ ಸಂಶೋಧನ ವಿದ್ಯಾರ್ಥಿಯೊಬ್ಬರು ನಮ್ಮ ವಾದವನ್ನು ಕೇಳಿ, ತಮ್ಮ ಸೀಮೆಯಲ್ಲಿ ಈ ವಚನವನ್ನು ಓದಿದರೆ ಛತ್ರವೂ ನೆನಪಾಗುವುದಿಲ್ಲ, ಬಿಡದಿಯೂ ಅಲ್ಲ, ಗೊಲ್ಲರಹಟ್ಟಿಯ ಹೊರಗಿನ ಗುಡಿಸಲು ನೆನಪಾಗುತ್ತದೆ ಎಂದರು. ಕಾಡುಗೊಲ್ಲರಲ್ಲಿ ಹೆತ್ತ ತಾಯಿಯನ್ನೂ ಕೂಸನ್ನೂ ಏಳರಿಂದ ಮೂವತ್ತು ದಿನ ಊರ ಹೊರಗಿನ ಸಣ್ಣ ಚಪ್ಪರದಲ್ಲಿ ಇರಿಸುವ ರೂಢಿಯನ್ನು ಥರ್ಸ್ಟನ್ 1909ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಆ ರೂಢಿ ಗ್ರಂಥದಲ್ಲೇ ಉಳಿದಿಲ್ಲ. 2017ರ ಕರ್ನಾಟಕದ ಅಮಾನವೀಯ ಆಚರಣೆಗಳ ನಿಷೇಧ ಕಾಯಿದೆ ಹೆಂಗಸರನ್ನು ಹೀಗೆ ಊರಿಂದ ಹೊರಗಿಡುವುದನ್ನು ಅಪರಾಧವೆಂದಿದೆ. ಆದರೂ 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಗೊಲ್ಲರಹಟ್ಟಿಯೊಂದರ ಹೊರಗೆ, ಮಳೆಗಾಳಿಯ ಗುಡಿಸಲಿನಲ್ಲಿ ತಾಯಿಯೊಂದಿಗೆ ಇದ್ದ ಹಸುಳೆಯೊಂದು ಸತ್ತಿತು. ಹಟ್ಟಿಯ ದೇವರಿಗೆ ಸೂತಕ ತಗಲಬಾರದೆಂಬುದು ಕಾರಣ. ಆ ಸೀಮೆಯ ಕಿವಿಗೆ ‘ಅವರಿಗೆ ಸ್ಥಳವಿರಲಿಲ್ಲ’ ಎಂಬ ಮಾತು ಹೇಗೆ ಕೇಳಿಸೀತು? ಮಲಗುವ ಎಡೆಯ ಕೊರತೆಯಾಗಿ ಖಂಡಿತ ಅಲ್ಲ.

ಇದು ತಪ್ಪು ಓದೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಊರ ಹೊರಗಿನ ಜನನ ಎಂಬ ಓದು ಬಹಳ ಹಳೆಯದು. ಎರಡನೆಯ ಶತಮಾನದ ಜಸ್ಟಿನ್, ಟ್ರೈಫೋ ಎಂಬ ಯೆಹೂದ್ಯನೊಂದಿಗಿನ ಸಂವಾದ ಗ್ರಂಥದಲ್ಲಿ, ಯೋಸೇಫನಿಗೆ ಆ ಹಳ್ಳಿಯಲ್ಲಿ ಇಳಿಯಲು ಎಡೆ ಸಿಗದೆ ಹಳ್ಳಿಯ ಬಳಿಯ ಗವಿಯಲ್ಲಿ ಇಳಿದನೆಂದು ಬರೆಯುತ್ತಾನೆ. ‘ಇಳಿ’ಯುವುದಕ್ಕೆ ಎರಡು ಸಲವೂ ಅವನು ಬಳಸುವುದು ಕತಾಲುಮದ ಕ್ರಿಯಾಪದವನ್ನೇ. ಮನೆಗೂ ಅದೇ, ಗವಿಗೂ ಅದೇ. ನಮ್ಮ ಭಾಷಿಕ ವಾದಕ್ಕೆ ಇದು ಬಲ ಕೊಡುತ್ತದೆ, ಪದಕ್ಕೆ ಕಟ್ಟಡದ ಹಂಗಿಲ್ಲವೆಂದು. ಜೊತೆಗೇ ಬೈಲಿಯವರ ತುಂಬಿದ ಮನೆಯ ಬೆಚ್ಚನೆಯ ಚಿತ್ರವನ್ನು ಪ್ರಾಚೀನರೆಲ್ಲ ಕಂಡಿರಲಿಲ್ಲ ಎಂಬುದನ್ನೂ ಹೇಳುತ್ತದೆ. ಲೂಕನ ಪದ ನಿರಾಕರಣೆಯನ್ನು ಹೇಳುವುದಿಲ್ಲ ಎಂಬುದು ನಮ್ಮ ನಿಲುವು. ಆ ಪದವನ್ನು ಕೇಳಿದವರು ತಾವು ಕಂಡ ನಿರಾಕರಣೆಯನ್ನು ಅದರಲ್ಲಿ ಕೇಳುತ್ತ ಬಂದಿದ್ದಾರೆ ಎಂಬುದೂ ಅರ್ಥದ ಇತಿಹಾಸದ ಭಾಗವೇ. ಹಾಗೆಂದು ಅನುವಾದಕನು ಆ ನಿರಾಕರಣೆಯನ್ನು ಮುಂಚಿತವಾಗಿ ಪದದೊಳಗೆ ಸೇರಿಸಿ ಕೊಡಬೇಕಿಲ್ಲ. ಬಿಡಾರವೆಂದರೆ ಹಿರಿಯೂರಿನ ಓದುಗಳು ಗುಡಿಸಲನ್ನು ಕಾಣಬಲ್ಲಳು, ಹೊಸದುರ್ಗದ ಅಜ್ಜಿ ನಡುಮನೆಯನ್ನು ಕಾಣಬಲ್ಲಳು. ಛತ್ರವೆಂದರೆ ಇಬ್ಬರೂ ದಾರಿಬದಿಯ ಕಲ್ಲುಕಟ್ಟಡವೊಂದನ್ನು ಮೊದಲು ದಾಟಬೇಕು.

ಆ ಕಲ್ಲುಕಟ್ಟಡವೂ ಈಗ ಕರಗುತ್ತಿದೆ. ಚಿತ್ರದುರ್ಗದ ಪದವಿ ವಿದ್ಯಾರ್ಥಿಗಳಿಗೆ ಛತ್ರವೆಂದರೆ ಮದುವೆಗೆ ಬಾಡಿಗೆ ಹಿಡಿಯುವ ಕಲ್ಯಾಣ ಮಂಟಪ. ಮಾಘ, ವೈಶಾಖಗಳಲ್ಲಿ ಅಲ್ಲಿ ನಿಜವಾಗಿಯೂ ಸ್ಥಳವಿರುವುದಿಲ್ಲ. ದಾನದ ಮನೆ ಬಾಡಿಗೆಯ ಮನೆಯಾಗಿದೆ. ಟಿಂಡೇಲನ ‘ಇನ್’ ಇನ್ನೂರು ವರ್ಷ ಕನ್ನಡದಲ್ಲಿ ಸೋತು ಈಗ ಗೆಲ್ಲುತ್ತಿದೆ. 2011ರ ಇಂಗ್ಲಿಷ್ ನ್ಯೂ ಇಂಟರ್‌ನ್ಯಾಷನಲ್ ಪಾಠ ತನ್ನ ‘ಇನ್’ ಬಿಟ್ಟು ‘ಗೆಸ್ಟ್ ರೂಮ್’ ಎಂದಿರುವ ಹೊತ್ತಿಗೆ ಇದು ನಡೆಯುತ್ತಿದೆ. ಬಿಡದಿಯ ಪಾಡೂ ಹೆಚ್ಚು ಭಿನ್ನವಲ್ಲ. ಮದುವೆ ಮಂಟಪದ ಮೇಲಂತಸ್ತಿನಲ್ಲಿ ಗಂಡಿನವರಿಗೆ ಕೊಡುವ ಎರಡು ಕೋಣೆಗಳಿಗೆ ಹೊಳಲ್ಕೆರೆಯ ಹಿರಿಯರು ಇನ್ನೂ ಬಿಡದಿ ಎನ್ನುವುದನ್ನು ನಾವು ಕೇಳಿದ್ದೇವೆ. ಕಿರಿಯರು ರೂಮು ಎನ್ನುತ್ತಾರೆ.